ಹೆಸರಿಲ್ಲದ ಅಂಚೆ ಚೀಟಿಗಳನ್ನು ಗುರುತಿಸುವ ಬಗೆ

ಕಳೆದ ವರುಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಕೂಟದ ದಿನ, ಮಳವಳ್ಳಿಯಿಂದ ಬಂದಿದ್ದ ಸೋದರಿಯೊಬ್ಬರು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ನಮ್ಮ ಮುಂದಿಟ್ಟರು. ಅದರ ತುಂಬ ಅಂಚೆ ಚೀಟಿಗಳಿದ್ದುವು. ಬಹುಪಾಲು ಐದನೆಯ ಮತ್ತು ಆರನೆಯ ಜಾರ್ಜ್ ದೊರೆಗಳ ಮುಖವುಳ್ಳ ಸಾಮಾನ್ಯ ಚೀಟಿಗಳೇ. ಆದರೆ ತಳದಲ್ಲಿ ಕಾಗದದ ಮಡಿಕೆಯೊಳಗೆ ಜೋಪಾನವಾಗಿಟ್ಟಿದ್ದ ಒಂದು ನೀಲಿ ಚೀಟಿಯಿತ್ತು. ಅದು ಆಕೆಯ ಮುತ್ತಜ್ಜನವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮನೆಗೆ ಕಳುಹಿಸಿದ ಕಾಗದದ ಮೇಲಿದ್ದುದಂತೆ. ಮುತ್ತಜ್ಜನವರು ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆಯ ದಳದಲ್ಲಿ ಸವಾರರಾಗಿದ್ದರೆಂದು ಮನೆಯ ಹೇಳಿಕೆ. ಅವರು ಎಲ್ಲಿಗೆ ಹೋಗಿದ್ದರೆಂಬ ವಿಷಯದಲ್ಲಿ ಮಾತ್ರ ಮನೆಯವರಲ್ಲಿ ಒಮ್ಮತವಿಲ್ಲ. ಕೆಲವರು ಬಸರಾ ಎನ್ನುವರು, ಕೆಲವರು ಸೀಮೆ ಎನ್ನುವರು. ಅವರ ಭಾವಚಿತ್ರವಾಗಲಿ ಪದಕವಾಗಲಿ ಉಳಿದಿಲ್ಲ. “ಮಿಸ್, ಇದು ಯಾವ ದೇಶದ ಸ್ಟಾಂಪು?” ಎಂಬುದಷ್ಟೇ ಆಕೆಯ ಪ್ರಶ್ನೆ.

ಪ್ರಶ್ನೆ ಚಿಕ್ಕದಾದರೂ ಉತ್ತರ ಅಷ್ಟು ಸುಲಭವಲ್ಲ. ಆ ಚೀಟಿಯ ಮೇಲೆ ಯಾವ ದೇಶದ ಹೆಸರೂ ಇಲ್ಲ, ಯಾವ ರಾಜನ ಮುಖವೂ ಇಲ್ಲ. ಬ್ರಿಟನ್ ದೇಶವು ತನ್ನ ಚೀಟಿಗಳಲ್ಲಿ ಹೆಸರನ್ನು ಹಾಕಿಕೊಳ್ಳದಿರುವುದು ವಾಚಕರಿಗೆ ತಿಳಿದಿರಬಹುದು. ಅಲ್ಲಿ ದೊರೆಯ ತಲೆಯೇ ಹೆಸರಿನ ಕೆಲಸವನ್ನು ಮಾಡುತ್ತದೆ. ಇಲ್ಲಿ ಅದೂ ಇಲ್ಲ. ಯುದ್ಧವು ಮುಗಿದು ಗೆದ್ದವರ ಸೈನ್ಯವು ಸೋತವರ ನೆಲದಲ್ಲಿ ಬೀಡುಬಿಟ್ಟಿರುವಾಗ, ಹಳೆಯ ಸರ್ಕಾರವು ಹೋಗಿ ಹೊಸ ಸರ್ಕಾರವು ಬರುವವರೆಗಿನ ಅವಧಿಯಲ್ಲಿ, ಕಾಗದಗಳನ್ನು ಸಾಗಿಸುವ ಭಾರ ಸೈನ್ಯದ ಮೇಲೆ ಬೀಳುತ್ತದೆ. ಆಗ ಹೊರಡುವ ಚೀಟಿಗಳು ಬಹುಮಟ್ಟಿಗೆ ದೇಶವನ್ನು ಹೆಸರಿಸುವುದಿಲ್ಲ, ಅಧಿಕಾರವನ್ನು ಹೆಸರಿಸುತ್ತವೆ. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ತೊಡಕು ಬಿಡಿಸಿದಂತೆಯೇ.

ಮಳವಳ್ಳಿಯ ಚೀಟಿಯ ಮೇಲೆ ‘ಇ. ಇ. ಎಫ್.’ ಎಂಬ ಮೂರು ಇಂಗ್ಲಿಷ್ ಅಕ್ಷರಗಳೂ, ಅಂಚೆಯ ವೆಚ್ಚ ಸಂದಿದೆಯೆಂದು ಇಂಗ್ಲಿಷಿನಲ್ಲಿಯೂ ಅರಬ್ಬಿಯಲ್ಲಿಯೂ ಬರೆದ ಮಾತೂ, ಒಂದು ಪಿಯಾಸ್ಟರ್ ಎಂಬ ಬೆಲೆಯೂ ಇದ್ದುವು. ಈ ಅಕ್ಷರಗಳ ವಿಸ್ತಾರ ಈಜಿಪ್ಷಿಯನ್ ಎಕ್ಸ್‌ಪೆಡಿಷನರಿ ಫೋರ್ಸ್, ಎಂದರೆ ಈಜಿಪ್ಟಿನಿಂದ ಹೊರಟ ಬ್ರಿಟಿಷ್ ದಂಡಯಾತ್ರೆಯ ಸೈನ್ಯ. ತುರ್ಕರನ್ನು ಹಿಂದಕ್ಕೆ ತಳ್ಳಿ ಪ್ಯಾಲೆಸ್ತೀನನ್ನು ಹಿಡಿದಾಗ ಅಲ್ಲಿನ ತುರ್ಕಿ ಅಂಚೆಯು ನಿಂತುಹೋಗಿ ಊರಿನವರಿಗೆ ಕಾಗದ ಬರೆಯುವ ದಾರಿಯೇ ಇಲ್ಲವಾಯಿತು. ಆಗ ಸೈನ್ಯವು ಕೈರೋ ನಗರದಲ್ಲಿ ಚೀಟಿಗಳನ್ನು ಅಚ್ಚುಹಾಕಿಸಿ ೧೯೧೮ರ ಫೆಬ್ರವರಿಯಲ್ಲಿ ಹೊರಡಿಸಿತು. ಮೊದಲನೆಯದರ ಹಿಂಬದಿಗೆ ಅಂಟು ಸಹ ಇರಲಿಲ್ಲ. ಬಳಿಕ ಬೇರೆ ಬೇರೆ ಬೆಲೆಯವು ಬಂದು ಸಿರಿಯಾ, ಲೆಬನಾನ್ ಮುಂತಾದ ಕಡೆಗಳಲ್ಲಿಯೂ ನಡೆದುವು. ೧೯೨೦ರಲ್ಲಿ ಸೈನ್ಯದ ಆಡಳಿತವು ಕೊನೆಗೊಂಡ ಮೇಲೆ ಇವೇ ಚೀಟಿಗಳ ಮೇಲೆ ‘ಪ್ಯಾಲೆಸ್ತೀನ್’ ಎಂದು ಅರಬ್ಬಿ, ಇಂಗ್ಲಿಷ್, ಹೀಬ್ರೂ ಎಂಬ ಮೂರು ಭಾಷೆಗಳಲ್ಲಿ ಮೇಲಚ್ಚು ಒತ್ತಿದರು. ನಮ್ಮ ಚೀಟಿಯಲ್ಲಿ ಮೇಲಚ್ಚು ಇಲ್ಲದ್ದರಿಂದ ಅದು ಸೈನ್ಯದ ಆಡಳಿತದ ಕಾಲದ್ದೆಂದು ಹೇಳಲಡ್ಡಿಯಿಲ್ಲ.

ಬಸರಾ ಎಂದವರಿಗೆ ಉತ್ತರ ಕೊಟ್ಟದ್ದು ಚೀಟಿಯ ನಾಣ್ಯ. ಇರಾಕಿನಲ್ಲಿ ಬ್ರಿಟಿಷರು ತುರ್ಕಿ ದೇಶದ ಚಿತ್ರದ ಚೀಟಿಗಳ ಮೇಲೆಯೇ ‘ಇರಾಕ್, ಬ್ರಿಟಿಷರ ವಶದಲ್ಲಿ’ ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಅಚ್ಚೊತ್ತಿಸಿ ೧೯೧೮ರಿಂದ ನಡೆಯಿಸಿದರು. ಅವುಗಳ ಬೆಲೆ ಆಣೆ ಮತ್ತು ರೂಪಾಯಿಗಳಲ್ಲಿತ್ತು, ಏಕೆಂದರೆ ಅಲ್ಲಿಗೆ ಹೋದದ್ದು ಹಿಂದೂಸ್ಥಾನದ ನಾಣ್ಯ. ಪಿಯಾಸ್ಟರ್ ಆದರೋ ಈಜಿಪ್ಟಿನದು. ಮೈಸೂರು ಲ್ಯಾನ್ಸರ್ಸ್ ದಳವು ಈಜಿಪ್ಟಿನಲ್ಲಿ ಸುಯೆಜ್ ಕಾಲುವೆಯ ಕಾವಲಿನಲ್ಲಿದ್ದು, ಆಮೇಲೆ ಪ್ಯಾಲೆಸ್ತೀನಿಗೆ ನಡೆದು, ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ಲ್ಯಾನ್ಸರ್ಸ್ ದಳದೊಡನೆ ಹೈಫಾ ಪಟ್ಟಣವನ್ನು ಹಿಡಿದದ್ದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಯೋಧರ ವಿಗ್ರಹಗಳು ಹೈದರಾಬಾದು, ಜೋಧಪುರ, ಮೈಸೂರು ಈ ಮೂರು ಸಂಸ್ಥಾನಗಳ ದಳಗಳ ಸ್ಮಾರಕವೇ. ಚೀಟಿಯೂ ಚರಿತ್ರೆಯೂ ಒಂದನ್ನೊಂದು ಕೂಡಿಕೊಂಡುವು.

ಆದರೆ ಯಾವ ಊರಿನಿಂದ, ಯಾವ ದಿನ ಆ ಕಾಗದವು ಹೊರಟಿತೆಂದು ಹೇಳಲು ನಮ್ಮಿಂದ ಆಗಲಿಲ್ಲ. ಸೈನಿಕರ ಸಾಧಾರಣ ಕಾಗದಗಳು ರಣರಂಗದ ಅಂಚೆ ಕಛೇರಿಗಳ ಮೂಲಕ ಹೋಗುತ್ತಿದ್ದುವು. ಊರಿನವರಿಗಾಗಿ ಹೊರಡಿಸಿದ ಈ ಚೀಟಿಯನ್ನು ಅವರೇ ಅಂಟಿಸಿದರೋ, ಬೇರೆ ಯಾರಿಂದಲಾದರೂ ಹಾಕಿಸಿದರೋ, ಲಕೋಟೆಯನ್ನು ನೋಡಿದರೆ ತಿಳಿಯುತ್ತಿತ್ತು. ಲಕೋಟೆ ಇಲ್ಲ. ಮೊಹರಿನ ಒಂದು ಕಮಾನು ಮಾತ್ರ ಚೀಟಿಯ ಮೂಲೆಯಲ್ಲಿದೆ; ಊರಿನ ಹೆಸರೂ ತಾರೀಖೂ ಇದ್ದ ಭಾಗವೆಲ್ಲ ಲಕೋಟೆಯೊಡನೆ ಹೋಯಿತು. ಹೇಗೆ ಹೋಯಿತೆಂದು ಕೇಳಿದೆವು. ಆಕೆ ಸಂಕೋಚದಿಂದ, “ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಸ್ಟಾಂಪು ಸಂಘದಲ್ಲಿ ನೀರಿನಲ್ಲಿ ನೆನೆಹಾಕಿ ಬಿಡಿಸುವುದನ್ನು ನೀವೇ ಕಲಿಸಿದಿರಿ, ಮಿಸ್” ಎಂದರು. ನಮಗೆ ಮರುಮಾತು ಹೊರಡಲಿಲ್ಲ. ಆ ಸಂಘವನ್ನು ನಡೆಸುತ್ತಿದ್ದವರು ನಾವೇ. ಬೋಗುಣಿಯಲ್ಲಿ ನೀರಿಟ್ಟು, ಚೀಟಿಗಳನ್ನು ತೇಲಿಬಿಟ್ಟು, ಒಣಗಿಸಿ, ಅಂದವಾಗಿ ಆಲ್ಬಮ್ಮಿನಲ್ಲಿ ಅಂಟಿಸಿದವರಿಗೆ ಬಹುಮಾನವನ್ನೂ ಕೊಡುತ್ತಿದ್ದೆವು.

ಎರಡನೆಯ ಮಹಾಯುದ್ಧದ ಬಳಿಕದ ಜರ್ಮನಿಯ ಚೀಟಿಗಳಲ್ಲಿ ಈ ತಪ್ಪಿನ ಬೆಲೆ ಇನ್ನೂ ಹೆಚ್ಚು. ಮದ್ದೂರಿನಿಂದ ಬಂದ ತಂದೆಯೊಬ್ಬರು ತಮ್ಮ ತಾಯಿಯವರ ಆಲ್ಬಮ್ಮಿನಿಂದ ಅಂತಹ ಒಂದು ಹಾಳೆಯನ್ನು ಅದೇ ದಿನ ತೋರಿಸಿದರು. ೧೯೪೫ರಲ್ಲಿ ಜರ್ಮನಿಯು ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಗಳ ನಾಲ್ಕು ವಲಯಗಳಾಗಿ ಹಂಚಿಹೋಯಿತು. ದೊಡ್ಡ ‘ಎಂ’ ಅಕ್ಷರವುಳ್ಳ ‘ಎ. ಎಂ. ಪೋಸ್ಟ್’ ಚೀಟಿಯನ್ನು ನಮ್ಮ ಮಕ್ಕಳು ಅಮೆರಿಕದ್ದೆಂದು ಬರೆಯುವುದುಂಟು. ಅದು ಅಲೈಡ್ ಮಿಲಿಟರಿ, ಎಂದರೆ ಮಿತ್ರರಾಷ್ಟ್ರಗಳ ಸೈನ್ಯದ ಅಂಚೆ. ವಾಷಿಂಗ್ಟನ್, ಲಂಡನ್, ಬ್ರೌನ್‌ಷ್ವೈಗ್ ಈ ಮೂರು ಕಡೆಗಳಲ್ಲಿ ಅಚ್ಚಾದುದರಿಂದ ಒಂದೇ ಚೀಟಿಯ ಬಣ್ಣದಲ್ಲಿಯೂ ಅಚ್ಚಿನಲ್ಲಿಯೂ ಭೇದ ಕಾಣುತ್ತದೆ. ಫ್ರೆಂಚರು ತಮ್ಮ ವಲಯದ ಹೆಸರನ್ನು ತಮ್ಮ ಭಾಷೆಯಲ್ಲಿ ಸ್ಪಷ್ಟವಾಗಿ ಹಾಕಿ, ಗಯಟೆ, ಷಿಲ್ಲರ್, ಹೈನೆ ಎಂಬ ಜರ್ಮನ್ ಕವಿಗಳ ಮುಖಗಳನ್ನು ಮುದ್ರಿಸಿದರು. ರಷ್ಯದ ವಲಯದಲ್ಲಿ ಪ್ರಾಂತಕ್ಕೊಂದು ಬಗೆಯವು ಹೊರಟುವು; ಕರಡಿಯ ಚಿತ್ರವುಳ್ಳದ್ದು ಬರ್ಲಿನ್ ನಗರದ್ದು. ಇಷ್ಟನ್ನು ನೋಡಿದ ಮಾತ್ರಕ್ಕೆ ಗುರುತಿಸಬಹುದು.

ತೊಡಕು ಬರುವುದು ೧೯೪೬ರಲ್ಲಿ. ಆ ವರುಷ ಬೆಲೆಯ ಅಂಕಿಯನ್ನೇ ದೊಡ್ಡದಾಗಿ ಬರೆದು ‘ಡಾಯ್ಚೆ ಪೋಸ್ಟ್’ ಎಂಬ ಹೆಸರಿನ ಒಂದೇ ಬಗೆಯ ಚೀಟಿಗಳನ್ನು ಅಮೆರಿಕ, ಬ್ರಿಟನ್, ರಷ್ಯ ಈ ಮೂರು ವಲಯಗಳಿಗೂ ಹೊರಡಿಸಿದರು. ಬಿಡಿಸಿಟ್ಟ ಚೀಟಿಯೊಂದನ್ನು ಕೈಯಲ್ಲಿ ಹಿಡಿದು ಇದು ಯಾವ ವಲಯದ್ದೆಂದು ಎಂತಹ ಪಂಡಿತನೂ ಹೇಳಲಾರ. ಮೊಹರಿನಲ್ಲಿ ಲೈಪ್‌ಜಿಗ್ ಎಂದಿದ್ದರೆ ರಷ್ಯದ ವಲಯ, ಮ್ಯೂನಿಕ್ ಎಂದಿದ್ದರೆ ಅಮೆರಿಕದ್ದು, ಹ್ಯಾಂಬರ್ಗ್ ಎಂದಿದ್ದರೆ ಬ್ರಿಟಿಷರದು. ಮದ್ದೂರಿನ ಹಾಳೆಯಲ್ಲಿ ಇಂತಹವು ಹನ್ನೊಂದಿದ್ದುವು. ಊರನ್ನು ಓದಲು ಸಾಧ್ಯವಾದದ್ದು ಎರಡರಲ್ಲಿ ಮಾತ್ರ. ೧೯೪೮ರ ಜೂನಿನಲ್ಲಿ ಪಶ್ಚಿಮದವರು ಹೊಸ ನಾಣ್ಯವನ್ನು ತಂದಾಗ ಹಳೆಯ ಚೀಟಿಗಳ ಮೇಲೆ ಅಂಚೆಯ ಕೊಂಬಿನ ಚಿತ್ರವನ್ನು ಒತ್ತಿದರು. ರಷ್ಯದವರು ಮೊದಲು ಜಿಲ್ಲೆಯ ಅಂಕಿಗಳ ಕೈಮುದ್ರೆಗಳನ್ನೂ ತರುವಾಯ ‘ಸೋವಿಯತ್ ವಶದ ವಲಯ’ ಎಂಬರ್ಥದ ಜರ್ಮನ್ ಮಾತನ್ನೂ ಒತ್ತಿದರು. ಇವುಗಳಲ್ಲಿ ಖೋಟಾ ಮೇಲಚ್ಚುಗಳು ಬಹಳ. ಬೆಲೆಯಾಳುವ ಚೀಟಿ ಸಿಕ್ಕಿತೆಂದು ಹಿಗ್ಗುವ ಮುನ್ನ ಬಲ್ಲವರಿಗೆ ತೋರಿಸತಕ್ಕದ್ದು. ಆಲ್ಬಮ್ಮಿನ ಮೂಲೆಯಲ್ಲಿ ಉಗುರಿನಷ್ಟು ಚಿಕ್ಕದಾದ ನೀಲಿ ಚೀಟಿಯೊಂದನ್ನು ಕಂಡರೆ ಎಸೆಯಬೇಡಿರಿ. ಅದು ರಷ್ಯನ್ನರ ದಿಗ್ಬಂಧನಕ್ಕೆ ಸಿಕ್ಕಿದ ಬರ್ಲಿನ್ನಿನ ನೆರವಿಗಾಗಿ ಪಶ್ಚಿಮ ಜರ್ಮನಿಯವರು ೧೯೪೮ರ ಕೊನೆಯಿಂದ ತಮ್ಮ ಒಳನಾಡಿನ ಕಾಗದಗಳಿಗೆ ಹೆಚ್ಚಿಗೆ ಅಂಟಿಸಬೇಕಾಗಿದ್ದ ಎರಡು ಫೆನಿಗ್ಗಿನ ತೆರಿಗೆಯ ಚೀಟಿ.

ಆಂಗ್ಲ ದೊರೆಯ ತಲೆಯ ಮೇಲೆ ‘ಎಂ. ಇ. ಎಫ್.’ ಎಂದಿದ್ದರೆ ಅದು ಇಟಲಿಯಿಂದ ಕಿತ್ತುಕೊಂಡ ಆಫ್ರಿಕದ ವಸಾಹತುಗಳಲ್ಲಿ ನಡೆದದ್ದು. ಆಸ್ಟ್ರೇಲಿಯದ ಚೀಟಿಯ ಮೇಲೆ ‘ಬಿ. ಸಿ. ಒ. ಎಫ್. ಜಪಾನ್ ೧೯೪೬’ ಎಂದಿದ್ದರೆ ಜಪಾನಿನಲ್ಲಿ ಬೀಡುಬಿಟ್ಟಿದ್ದ ಕಾಮನ್‌ವೆಲ್ತ್ ಸೈನ್ಯದ್ದು. ಆ ಸೈನ್ಯದಲ್ಲಿ ೧೯೪೭ರವರೆಗೆ ಹಿಂದೂಸ್ಥಾನದ ತುಕಡಿಯೂ ಇದ್ದಿತು. ‘ಮೈಸೂರು’ ಎಂದು ಬರೆದ ಸ್ಟಾಂಪುಗಳನ್ನು ತಂದು ತೋರಿಸುವವರೂ ಉಂಟು. ನಮ್ಮ ಸಂಸ್ಥಾನವು ೧೮೮೯ರವರೆಗೆ ತನ್ನದೇ ಅಂಚೆಯನ್ನು ನಡೆಸಿದರೂ ಅಂಚೆಯ ಚೀಟಿಯನ್ನು ಹೊರಡಿಸಲಿಲ್ಲ. ಅವು ಪತ್ರ, ಕರಾರು, ಕೋರ್ಟುಗಳಿಗೆ ಸಂಬಂಧಿಸಿದ ಸ್ಟಾಂಪುಗಳು.

ಈಗ ನಾವು ಶಾಲೆಯಲ್ಲಿ ಬೋಗುಣಿಯನ್ನು ಇಡುವುದಿಲ್ಲ. ಹಳೆಯ ಲಕೋಟೆ ದೊರೆತರೆ ಹಾಗೆಯೇ ಇರಿಸಿ, ಬುರುಡುಗನ್ನಡಿಯಿಂದ ಓರೆ ಬೆಳಕಿನಲ್ಲಿ ಮೊಹರನ್ನು ಓದಿಸಿ, ಯಾರ ಮನೆಯಿಂದ ಬಂದಿತೆಂದು ಬೇರೊಂದು ಕಾಗದದಲ್ಲಿ ಪೆನ್ಸಿಲಿನಿಂದ ಬರೆಯಿಸುತ್ತೇವೆ. ಕತ್ತರಿಸಲೇಬೇಕಾದರೆ ಮೊಹರು ಪೂರ್ತಿಯಾಗಿ ಉಳಿಯುವಂತೆ ಸುತ್ತಲೂ ಒಂದು ಬೆರಳಗಲವನ್ನಾದರೂ ಬಿಡತಕ್ಕದ್ದು.

ಮಳವಳ್ಳಿಯ ಸೋದರಿಯವರು ಮೊನ್ನೆ ಕಾಗದ ಬರೆದಿದ್ದಾರೆ. ಮಂಡ್ಯದಲ್ಲಿರುವ ಅವರ ಸೋದರತ್ತೆಯವರ ಮನೆಯ ಅಟ್ಟದಲ್ಲಿ, ಜಮೀನಿನ ಪತ್ರಗಳ ಗಂಟಿನೊಳಗೆ, ಅದೇ ನೀಲಿ ಚೀಟಿಯುಳ್ಳ ಇನ್ನೊಂದು ಲಕೋಟೆ ಸಿಕ್ಕಿದೆಯಂತೆ. ಅದಕ್ಕೆ ನೀರು ಸೋಕಿಸದೆ ಹಾಗೆಯೇ ತರಬೇಕೆಂದು ಆ ದಿನದ ಟಪ್ಪಾಲಿನಲ್ಲೇ ಉತ್ತರ ಬರೆದು ಹಾಕಿದೆವು.