ರಾಜೇಶ್ವರಿ ಚಟರ್ಜಿ: ಗಣಿತದಿಂದ ಮೈಕ್ರೋವೇವ್‌ವರೆಗೆ

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ (1922–2010) ಮೊದಲು ಓದಿದ್ದು ಗಣಿತ; ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್ಸಿ. ಪದವೀಧರೆ. ಈ ಅಂಶವನ್ನು ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಮರೆಯುವುದೇ ಹೆಚ್ಚು. ರಾಜೇಶ್ವರಿಯವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಓದಿದ ಅಜ್ಜಿಯಿದ್ದ ಮನೆಯ ಬಲ ಸಣ್ಣದಲ್ಲ.

ಮುಂದೆ ಓದಲು ಹೋದ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರಾಜೇಶ್ವರಿಯವರಿಗೆ ಆಸರೆಯಾದದ್ದು ಏಷ್ಯಾದ ಮಹಿಳೆಯರಿಗೆಂದೇ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಇದೇ ನೆರವಿನಿಂದ ಅಲ್ಲಿಯೇ ಓದಿದವರು. ಹೊಂದಿಸಿ ಬರೆಯುವ ಪ್ರಶ್ನೆಗೆ ಇದನ್ನು ನೆನಪಿಡಿ.

1953ರಲ್ಲಿ ಪಿಎಚ್.ಡಿ. ಮುಗಿಸಿ ಮರಳಿದವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಮೈಕ್ರೋವೇವ್ ಮತ್ತು ಆಂಟೆನಾ ಅವರ ಕ್ಷೇತ್ರ. ಅವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಪಡೆದರು.

ಇವರ ಜೊತೆಗೆ ನೆನಪಿಡಬೇಕಾದ ದಿನವೊಂದಿದೆ. ವಿಜ್ಞಾನದಲ್ಲಿ ಮಹಿಳೆಯರು ಮತ್ತು ಬಾಲಕಿಯರ ಅಂತರರಾಷ್ಟ್ರೀಯ ದಿನ: ಫೆಬ್ರವರಿ 11.