ಬಾವಿಯ ಬಳಿಯಲ್ಲಿ ಕೋಳಿಯ ಕಾರ್ಖಾನೆ

ಊರ ಬಳಿಯಲ್ಲಿ ಕಾರ್ಖಾನೆ ಬರುವದೆಂದು ಕೇಳಿದ ಕೂಡಲೇ ಗ್ರಾಮಸ್ಥರಲ್ಲಿ ಎರಡು ಪಕ್ಷಗಳಾಗುವವು. ಕೂಲಿ ಸಿಕ್ಕೀತೆಂದು ಕೆಲವರು ಸಂತೋಷಪಡುವರು. ನೀರು ಕೆಟ್ಟೀತೆಂದು ಕೆಲವರು ಅಂಜುವರು. ಎರಡೂ ನ್ಯಾಯವಾದ ಮಾತುಗಳೇ. ಆದಕಾರಣ ಕೂಗಾಟದಲ್ಲಿ ಸೇರುವದಕ್ಕೆ ಮುಂಚೆ ಸಂಗತಿಯನ್ನು ತಿಳಿದುಕೊಳ್ಳುವದು ಯುಕ್ತ. ಯಾದಗಿರಿಗೆ ಸಮೀಪವಾದ ಅಬ್ಬೆತುಮಕೂರಿನಂಥ ಗ್ರಾಮವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಅದರ ಕುಡಿಯುವ ನೀರಿನ ಬಾವಿಯ ಮೇಲ್ಗಡೆಯಲ್ಲಿ ಕೋಳಿಗಳನ್ನು ಕೊಯ್ದು ಶುಚಿಮಾಡುವ ಕಾರ್ಖಾನೆಯನ್ನು ಕಟ್ಟಲು ಯಾರಾದರೂ ಬಂದರೆಂದು ಎಣಿಸೋಣ.

ಮನೆಯಲ್ಲಿ ಒಂದು ಕೋಳಿಯನ್ನು ಕೊಯ್ದರೆ ಅದರ ರಕ್ತವೂ ಪುಕ್ಕವೂ ತಿಪ್ಪೆಗೆ ಹೋಗಿ ಗೊಬ್ಬರವಾಗುವದು. ಅದರಿಂದ ಯಾರಿಗೂ ಕೇಡಿಲ್ಲ. ಕಾರ್ಖಾನೆಯ ರೀತಿ ಬೇರೆ. ಅಲ್ಲಿ ಕೊಯ್ದ ಕೋಳಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಯಂತ್ರದಿಂದ ಪುಕ್ಕ ಕಿತ್ತು, ಕರುಳು ತೆಗೆದು, ತೊಳೆದು, ಬಹು ತಣ್ಣಗಿನ ನೀರಿನಲ್ಲಿ ಇಡುವರು. ಒಂದು ಕೋಳಿಗೆ 20 ಲೀಟರಿನಂತೆ ಲೆಕ್ಕಹಿಡಿದರೂ, ದಿನಕ್ಕೆ 10,000 ಕೋಳಿಗಳಿಗೆ 2 ಲಕ್ಷ ಲೀಟರ್ ನೀರು ಬೇಕಾಗುವದು. ಜಲ ಜೀವನ ಯೋಜನೆಯಲ್ಲಿ ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದ್ದಾರೆ. ಆ ಪ್ರಕಾರ ಇದು 3,600 ಜನರ ನೀರಾಯಿತು. ಬೇಸಿಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಗೆ ಬರುವ ನೀರಿನಲ್ಲಿ ರಕ್ತ, ಕೊಬ್ಬು, ಮಲ ಇವೆಲ್ಲಾ ಕೂಡಿರುವವು. ಇವು ಕೆರೆಗೆ ಸೇರಿದರೆ ಕೊಳೆಯುವಾಗ ನೀರಿನೊಳಗಣ ಪ್ರಾಣವಾಯುವು ತೀರಿಹೋಗಿ ಮೀನುಗಳು ಸಾಯುವವು. ನೆಲಕ್ಕೆ ಬಿಟ್ಟರೆ ಕೇಡು ಕಣ್ಣಿಗೆ ಕಾಣದು. ಯಾದಗಿರಿಯ ಸುತ್ತಲಿನ ಗ್ರಾನೈಟ್ ಬಂಡೆಗಳಲ್ಲಿ ಅಂತರ್ಜಲವು ಬಿರುಕುಗಳೊಳಗೆ ಹರಿಯುವದರಿಂದ, ಎಲ್ಲಿ ಇಂಗಿದ್ದು ಯಾರ ಕೊಳವೆಬಾವಿಗೆ ಬಂದೀತೆಂದು ಹೇಳುವದು ಕಷ್ಟ. ರಕ್ತವೂ ಮಲವೂ ಮಣ್ಣಿನಲ್ಲಿ ಕೊಳೆತು ನೈಟ್ರೇಟೆಂಬ ಉಪ್ಪಾಗುವದು. ಕುಡಿಯುವ ನೀರಿನ ಲೀಟರಿಗೆ ಇದು 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮ. ಮೀರಿದ ನೀರಿನಲ್ಲಿ ಹಾಲುಪುಡಿ ಕಲಸಿ ಕುಡಿಸಿದ ಎಳೆಗೂಸುಗಳು ನೀಲಿಗಟ್ಟುವದುಂಟು. ನೀರನ್ನು ಕಾಯಿಸಿದರೆ ಕ್ರಿಮಿಗಳು ಸಾಯುವವು, ನೈಟ್ರೇಟು ಹೋಗದು; ನೀರು ಇಂಗಿದಷ್ಟೂ ಅದು ಗಟ್ಟಿಯಾಗುವದು. ತಾಯಂದಿರು ಇದನ್ನು ಅವಶ್ಯವಾಗಿ ತಿಳಿದಿರತಕ್ಕದ್ದು.

ಇಂಥ ನೀರನ್ನು ಶುದ್ಧಿಮಾಡಲು ಸಾಧ್ಯವೇ ಇಲ್ಲವೆಂದು ಹೇಳುವದು ಸರಿಯಲ್ಲ. ಜಾಲರಿ, ಕೊಬ್ಬು ತಡೆಯುವ ತೊಟ್ಟಿ, ಗಾಳಿಯೂದುವ ಕೊಳ, ಇವುಗಳಿಂದ ಬಹುಮಟ್ಟಿಗೆ ಶುದ್ಧವಾಗುವದು. ಆದರೆ ಅದಕ್ಕೆ ಹಗಲಿರುಳು ವಿದ್ಯುತ್ತಿನ ಖರ್ಚುಂಟು. ನೋಡುವವರಿಲ್ಲದಾಗ ಖರ್ಚನ್ನು ಉಳಿಸಬೇಕೆಂಬ ಆಶೆ ಹುಟ್ಟುವದು ಸಹಜ.

ಇನ್ನೊಂದು ಮಾತು. ವಿರೋಧ ಮಾಡುವವರೊಳಗೆ ಕೆಲವರು ಕೋಳಿ ತಿನ್ನುವದೇ ಹೊಲಸೆಂದು, ತಿನ್ನುವವರನ್ನೂ ಕೊಯ್ಯುವವರನ್ನೂ ಹೀನೈಸಬಹುದು. ನಮ್ಮವರು ಆಗ ಸಿಟ್ಟಾಗಿ ಕಾರ್ಖಾನೆಯವರ ಪಕ್ಷವನ್ನು ಹಿಡಿಯುವದೂ ತಪ್ಪು, ಸುಮ್ಮನೆ ತಲೆತಗ್ಗಿಸುವದೂ ತಪ್ಪು. ತಿನ್ನುವವನೂ ತಿನ್ನದವನೂ ಒಂದೇ ನೆಲದಡಿಯ ನೀರನ್ನು ಸೇದುತ್ತಾರೆ. ಮನವಿಯಲ್ಲಿ ನೀರಿನ ಮಾತೊಂದೇ ಇರಲಿ.

ಯಾದಗಿರಿ ಜಿಲ್ಲೆಯ ಕಡೇಚೂರು, ಬಾಡಿಯಾಳಗಳ ಕೈಗಾರಿಕಾ ಪ್ರದೇಶದ ಸುತ್ತಣ ಜನರು ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳ ದುರ್ಗಂಧದ ವಿಷಯದಲ್ಲಿಯೂ ತ್ಯಾಜ್ಯದ ವಿಷಯದಲ್ಲಿಯೂ ದೂರುಗಳನ್ನು ಕೊಟ್ಟಿದ್ದಾರೆ. ಅದಕ್ಕೂ ಹಿಂದೆ ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ನಡೆಯಲಾರಂಭಿಸಿತು. 1980ರ ದಶಕದಲ್ಲಿ ನದಿಯ ಮೀನುಗಳು ಸತ್ತವೆಂದೂ ನೀರು ಮೈಗೆ ತುರಿಕೆ ತರುವದೆಂದೂ ಕೆಳಗಣ ಊರಿನವರು ದೂರಿದರು; 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯವು ಅವರೊಂದಿಗೆ ನಿಂತಿತು. ಹೋರಾಟವು ಬಹು ವರುಷ ನಡೆಯಿತು. ಯಾಕಂದರೆ ಕಾರ್ಖಾನೆಯು ಒಮ್ಮೆ ನಿಂತ ಮೇಲೆ, ಅದರಿಂದ ರೊಟ್ಟಿ ತಿನ್ನುವ ಕುಟುಂಬಗಳೂ ನಿಂತಿರುತ್ತವೆ. ಆಗ ಬಡವನ ಎದುರಿಗೆ ಬಡವನೇ ನಿಲ್ಲಬೇಕಾಗುವದು. ಕೇಳತಕ್ಕದ್ದನ್ನು ಅಸ್ತಿವಾರಕ್ಕೆ ಮುಂಚೆಯೇ ಕೇಳಬೇಕೆಂಬದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಕೇಳುವ ಹಕ್ಕು ಉಂಟು. 1974ರ ಜಲಮಾಲಿನ್ಯ ಕಾಯಿದೆಯ ಪ್ರಕಾರ, ಹೊಲಸು ನೀರನ್ನು ಹಳ್ಳಕ್ಕಾಗಲಿ ಬಾವಿಗಾಗಲಿ ನೆಲಕ್ಕಾಗಲಿ ಬಿಡುವ ಕಾರ್ಖಾನೆಯನ್ನು ಮಾಲಿನ್ಯ ನಿಯಂತ್ರಣ ಮಂಡಲಿಯ ಒಪ್ಪಿಗೆಯನ್ನು ಮೊದಲು ಪಡೆಯದೆ ಸ್ಥಾಪಿಸಕೂಡದು. ಶುದ್ಧವಾದ ನೀರು ಜೀವಿಸುವ ಹಕ್ಕಿಗೇ ಸೇರಿದ್ದೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು. ಗ್ರಾಮಸಭೆಯಲ್ಲಿ ಎದ್ದುನಿಂತು ವಿಚಾರಿಸಿರಿ: ನೀರು ಎಲ್ಲಿಂದ ತರುವಿರಿ? ಎಲ್ಲಿಗೆ ಬಿಡುವಿರಿ? ವಿದ್ಯುತ್ತು ಹೋದ ದಿನ ಏನು ಮಾಡುವಿರಿ? ಪುಕ್ಕವೂ ಕರುಳೂ ಯಾವ ಬಂಡಿಯಲ್ಲಿ ಯಾವ ಊರಿಗೆ ಹೋಗುವವು? ಬಾಯುತ್ತರಕ್ಕೆ ಒಪ್ಪದೆ ಸಭೆಯ ಪುಸ್ತಕದಲ್ಲಿ ಬರೆಯಿಸಿರಿ. ಓದುಬರಹ ಬಲ್ಲ ಹುಡುಗಿಯರು ನಮ್ಮಲ್ಲಿ ಈಗ ಬೇಕಾದಷ್ಟು ಮಂದಿ ಇದ್ದಾರಷ್ಟೆ. ಮನವಿಯನ್ನು ಅವರಿಂದ ಬರೆಯಿಸಿ ಅದರ ಪ್ರತಿಗೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿರಿ. ಕಟ್ಟಡದ ಮೊದಲನೆಯ ಕಲ್ಲು ಬೀಳುವದಕ್ಕೆ ಮುಂಚೆಯೇ ಊರಿನ ಬಾವಿಗಳ ನೀರನ್ನು ಸರಕಾರದ ಪ್ರಯೋಗಶಾಲೆಗೆ ಕಳುಹಿಸಿ, ಬಂದ ವರದಿಯನ್ನು ತಾರೀಖಿನೊಂದಿಗೆ ಪಂಚಾಯತಿಯಲ್ಲಿಯೂ ಒಬ್ಬರ ಮನೆಯ ಪೆಟ್ಟಿಗೆಯಲ್ಲಿಯೂ ಇಡಿರಿ. ಮುಂದೆ ನೀರು ಕೆಟ್ಟಿತೆಂದು ದೂರುವ ದಿನ ಬಂದರೆ, ಮೊದಲು ಅದು ಹೇಗಿತ್ತೆಂದು ಅಧಿಕಾರಿಯು ಕೇಳುವನು. ಆಗ ತೋರಿಸುವದಕ್ಕೆ ಆ ಕಾಗದ ಬೇಕು.