ಸಂಗೀತ ಶಿಬಿರದ ಮೊದಲ ದಿನ

ಏಪ್ರಿಲ್ ಬಂತು. ಶಾಲೆಗೆ ರಜೆ. ಮಕ್ಕಳು ಮನೆಯಲ್ಲಿ, ತಾಯಂದಿರು ಕೆಲಸದಲ್ಲಿ. ಎರಡು ತಿಂಗಳು ಮಕ್ಕಳು ಏನು ಮಾಡಬೇಕು? ಕೆಲವರು ಅಜ್ಜಿಯ ಊರಿಗೆ ಹೋಗುತ್ತಾರೆ. ಕೆಲವರು ಬಿಸಿಲಿನಲ್ಲಿ ಬೀದಿ ಸುತ್ತುತ್ತಾರೆ.

ಈ ದಿನಗಳಲ್ಲಿ ಬೆಂಗಳೂರಿನ ಹಲವು ಕಡೆ ಬೇಸಿಗೆ ಶಿಬಿರ ನಡೆಯುತ್ತದೆ. ಶಿಬಿರ ಎಂದರೆ ಕೆಲವು ದಿನ ಒಂದೇ ಕಡೆ ಸೇರಿ ಕಲಿಯುವುದು. ಕಬ್ಬನ್ ಪಾರ್ಕಿನಲ್ಲಿ ಜವಾಹರ ಬಾಲಭವನ ಇದೆ. ಇದು ಸರಕಾರದ್ದು. ಇಲ್ಲಿ ಬೇಸಿಗೆಯಲ್ಲಿ ಮಕ್ಕಳ ಶಿಬಿರ ಮಾಡುತ್ತಾರೆ. ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ ಆವರಣದಲ್ಲೂ ಶಿಬಿರಗಳು ನಡೆಯುತ್ತವೆ. ಹಾಡು, ಕುಣಿತ, ನಾಟಕ, ಚಿತ್ರ, ಹೀಗೆ ಒಂದೊಂದು ಕಡೆ ಒಂದೊಂದು ಕಲೆ.

"ಅದೆಲ್ಲ ದೊಡ್ಡವರ ಮಕ್ಕಳಿಗೆ, ನಮಗಲ್ಲ" ಎಂದು ನಾವು ಸುಮ್ಮನಾಗುತ್ತೇವೆ. ದೊಡ್ಡ ಗೇಟು ನೋಡಿದರೆ ಹಿಂದೆ ಸರಿಯುತ್ತೇವೆ. ಹಿಂದೆ ಸರಿಯಬೇಕಾಗಿಲ್ಲ. ನಿಮಗೆ ಈಗ ಓದಲು ಬರುತ್ತದೆ. ಗೇಟಿನ ಮೇಲಿನ ಬೋರ್ಡು ಓದಬಲ್ಲವರು ಗೇಟಿನ ಒಳಗೂ ಹೋಗಬಲ್ಲರು. ಹೇಗೆ? ಈ ಪಾಠದಲ್ಲಿ ನೋಡೋಣ.

ಒಂದು ಮನೆಯ ಮಾತು

ಹಲಸೂರಿನ ಒಂದು ಮನೆ. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ರಾತ್ರಿ ಅಕ್ಷರ ಕಲಿತಿದ್ದಾಳೆ. ಮಗಳು ಏಳನೇ ತರಗತಿ ಮುಗಿಸಿದ್ದಾಳೆ.

ಮಗಳು: ಅಮ್ಮ, ಹತ್ತು ದಿನ ಸಂಗೀತ ಶಿಬಿರ ಅಂತೆ. ಟೀಚರ್ ಚೀಟಿ ಕೊಟ್ಟಿದ್ದಾರೆ. ನಾನು ಹೋಗ್ಲಾ?

ತಾಯಿ: ಕೊಡಿಲ್ಲಿ. ನಾನೇ ಓದ್ತೀನಿ. "ಜ್ಞಾ...ನ...ಭಾ...ರ...ತಿ." ಜ್ಞಾನಭಾರತಿ. ಇದು ಮೈಸೂರು ರಸ್ತೆ ಕಡೆ ಅಲ್ವಾ?

ಅತ್ತೆ: ಅಷ್ಟು ದೂರ ಯಾಕಮ್ಮ? ಬೆಳೆದ ಹುಡುಗಿ. ಹಾಡಿದ್ರೆ ಹೊಟ್ಟೆ ತುಂಬುತ್ತಾ?

ತಾಯಿ: ಅತ್ತೆ, ನೀವು ರಾಗಿ ಬೀಸೋವಾಗ ಹಾಡ್ತಿದ್ರಿ ಅಂತ ನೀವೇ ಹೇಳಿದ್ರಲ್ಲ?

ಅತ್ತೆ: ಅದು ಬೇರೆ. ಕೈ ನೋವು ಗೊತ್ತಾಗಬಾರದು ಅಂತ ಹಾಡ್ತಿದ್ವಿ. ನಮಗ್ಯಾರು ಸಂಗೀತ ಕಲಿಸಿದ್ರು?

ತಾಯಿ: ಅದನ್ನೇ ನಾನೂ ಹೇಳ್ತಿರೋದು. ನಿಮಗೆ ಯಾರೂ ಕಲಿಸ್ಲಿಲ್ಲ. ನನಗೂ ಕಲಿಸ್ಲಿಲ್ಲ. ಇವಳನ್ನ ಕಲಿಸೋರು ಕರೀತಿದ್ದಾರೆ.

ಅತ್ತೆ: ಜೊತೆಗೆ ಯಾರು ಹೋಗ್ತಾರೆ?

ತಾಯಿ: ಮೊದಲನೇ ದಿನ ನಾನೇ ಹೋಗ್ತೀನಿ. ಅರ್ಧ ದಿನ ರಜೆ ಹಾಕ್ತೀನಿ.

ಅತ್ತೆ: ಅರ್ಧ ದಿನದ ಸಂಬಳ ಹೋಗುತ್ತೆ.

ತಾಯಿ: ಹೋಗ್ಲಿ ಅತ್ತೆ. ಜಾಗ ಹೇಗಿದೆ, ಕಲಿಸೋರು ಯಾರು, ಕಣ್ಣಾರೆ ನೋಡ್ತೀನಿ. ಸರಿ ಅನ್ನಿಸ್ದಿದ್ರೆ ವಾಪಸ್ ಕರ್ಕೊಂಡು ಬರ್ತೀನಿ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಹಾಗಾದ್ರೆ ಬುತ್ತಿ ನಾನು ಕಟ್ತೀನಿ."

ರೈಲು ಹತ್ತಿ ಕಲಿಯಲು ಹೋದವರು

ಅತ್ತೆಯ ಚಿಂತೆ ಹೊಸದಲ್ಲ. ಹೆಣ್ಣುಮಗಳು ಸಂಗೀತ ಕಲಿಯಲು ಹೊರಟಾಗ ಜನ ಹಿಂದೆಯೂ ಮಾತಾಡಿದ್ದಾರೆ. ಗಂಗೂಬಾಯಿ ಹಾನಗಲ್ ಅವರ ಬದುಕು ನೋಡಿ.

ಗಂಗೂಬಾಯಿ 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದರು. ಶಾಲೆಯಲ್ಲಿ ಓದಿದ್ದು ಐದನೇ ತರಗತಿವರೆಗೆ ಮಾತ್ರ. ತಾಯಿ ಅಂಬಾಬಾಯಿ. ಅವರೂ ಹಾಡುಗಾರ್ತಿ. ಅವರದು ಕರ್ನಾಟಕ ಸಂಗೀತ. ಮಗಳು ಕಲಿಯುತ್ತಿದ್ದುದು ಹಿಂದೂಸ್ತಾನಿ ಸಂಗೀತ. ಎರಡರ ದಾರಿ ಬೇರೆ. ಮಗಳ ಕಲಿಕೆಗೆ ತೊಡಕಾಗಬಾರದು ಎಂದು ತಾಯಿ ತನ್ನ ಹಾಡನ್ನೇ ನಿಲ್ಲಿಸಿದರು.

1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರು. ಗಂಗೂಬಾಯಿಗೆ ಆಗ ಹನ್ನೊಂದು ವರ್ಷ. ಅವರು ಅಲ್ಲಿ ಹಾಡಿದರು. ಆದರೆ ಮನಸ್ಸಿನಲ್ಲಿ ಒಂದು ಭಯ ಇತ್ತು. ನಾವು ಕೆಳಗಿನ ಜಾತಿಯವರು, ಊಟವಾದ ಮೇಲೆ ಎಂಜಲೆಲೆ ತೆಗೆಯಲು ಹೇಳುತ್ತಾರೇನೋ ಎಂಬ ಭಯ.

ಮುಂದೆ ಅವರು ಹುಬ್ಬಳ್ಳಿಗೆ ಬಂದರು. ಗುರು ಸವಾಯಿ ಗಂಧರ್ವರು ಕುಂದಗೋಳದಲ್ಲಿ ಇದ್ದರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ದಾರಿಯಲ್ಲೇ ಕುಂದಗೋಳ ಸಿಗುತ್ತದೆ. ಗಂಗೂಬಾಯಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳಕ್ಕೆ ಹೋಗುತ್ತಿದ್ದರು. ಪಾಠ ಮುಗಿಸಿ ಮತ್ತೆ ರೈಲು ಹತ್ತಿ ಮನೆಗೆ ಬರುತ್ತಿದ್ದರು. ದಾರಿಯಲ್ಲಿ ಜನ ಹಂಗಿಸುತ್ತಿದ್ದರು. ಹಾಡುವವಳು ಹೊರಟಳು ಎಂದು ನಗುತ್ತಿದ್ದರು. ಅವರು ತಲೆ ತಗ್ಗಿಸಿ ನಡೆದರು. ಆದರೆ ನಡೆಯುವುದನ್ನು ನಿಲ್ಲಿಸಲಿಲ್ಲ.

1971ರಲ್ಲಿ ಅವರಿಗೆ ಪದ್ಮಭೂಷಣ ಬಂತು. 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ಅವರು ತೀರಿಕೊಂಡರು. ಇಂದು ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ. ಅದಕ್ಕೆ ಗಂಗೂಬಾಯಿ ಹಾನಗಲ್ ಅವರದೇ ಹೆಸರು. ಐದನೇ ತರಗತಿ ಓದಿದ ಹೆಣ್ಣುಮಗಳ ಹೆಸರು ವಿಶ್ವವಿದ್ಯಾಲಯದ ಬೋರ್ಡಿನ ಮೇಲಿದೆ.

ಹೊರಡುವ ಮೊದಲು

ಶಿಬಿರದ ಚೀಟಿಯನ್ನು ಪೂರ್ತಿ ಓದಿ. ಇಷ್ಟು ತಿಳಿದುಕೊಳ್ಳಿ:

1. ಶಿಬಿರ ಎಷ್ಟು ದಿನ? ಎಷ್ಟು ಗಂಟೆಗೆ ಶುರು? ಎಷ್ಟು ಗಂಟೆಗೆ ಮುಗಿಯುತ್ತದೆ?
2. ಎಲ್ಲಿ? ಯಾವ ಕಟ್ಟಡ?
3. ನಡೆಸುವವರು ಯಾರು? ಅವರ ಫೋನ್ ನಂಬರ್ ಏನು?
4. ಶುಲ್ಕ ಎಷ್ಟು? ಬಡ ಮಕ್ಕಳಿಗೆ ರಿಯಾಯಿತಿ ಇದೆಯೇ?
5. ಮಧ್ಯಾಹ್ನದ ಊಟ ಅವರೇ ಕೊಡುತ್ತಾರೆಯೇ?
6. ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ಮಹಿಳೆಯರು ಇರುತ್ತಾರೆಯೇ?

ಚೀಟಿಯಲ್ಲಿ ಇಲ್ಲದ್ದನ್ನು ಫೋನ್ ಮಾಡಿ ಕೇಳಿ. ಕೇಳಲು ನಾಚಿಕೆ ಬೇಡ. ಹಣ ಕಟ್ಟಿದರೆ ರಸೀದಿ ಪಡೆಯಿರಿ.

ಮಗಳ ಚೀಲದಲ್ಲಿ ಒಂದು ನೋಟು ಪುಸ್ತಕ, ಪೆನ್ನು, ನೀರಿನ ಬಾಟಲಿ, ಬುತ್ತಿ ಇರಲಿ. ವೀಣೆ, ಪಿಟೀಲು ಕೊಳ್ಳಲು ಸಾಲ ಮಾಡಬೇಡಿ. ಹಾಡು ಕಲಿಯಲು ಮೊದಲು ಬೇಕಾದ ವಾದ್ಯ ಗಂಟಲು. ಅದು ಎಲ್ಲರಿಗೂ ಇದೆ.

ದಾರಿ

ಕೆ.ಆರ್. ಪುರ, ಇಂದಿರಾನಗರ, ಹಲಸೂರು, ಈ ಮೂರು ಕಡೆಯೂ ಮೆಟ್ರೋ ನಿಲ್ದಾಣ ಇದೆ. ಮೂರೂ ನೇರಳೆ ಮಾರ್ಗದಲ್ಲಿವೆ. ಈ ಮಾರ್ಗದ ಮೊದಲ ರೈಲು 2011ರ ಅಕ್ಟೋಬರ್ 20ರಂದು ಓಡಿತು. ಆಗ ಅದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆವರೆಗೆ ಮಾತ್ರ ಇತ್ತು. 2023ರ ಅಕ್ಟೋಬರ್‌ನಿಂದ ಪೂರ್ವದ ವೈಟ್‌ಫೀಲ್ಡಿನಿಂದ ಪಶ್ಚಿಮದ ಚಲ್ಲಘಟ್ಟದವರೆಗೆ ಒಂದೇ ರೈಲು ಓಡುತ್ತಿದೆ.

ಶಿವಾಜಿನಗರದವರು ಬಸ್ಸಿನಲ್ಲಿ ಬಂದು ಮಹಾತ್ಮ ಗಾಂಧಿ ರಸ್ತೆ ನಿಲ್ದಾಣದಲ್ಲಿ ಹತ್ತಬಹುದು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅದರಲ್ಲಿ ಕರ್ನಾಟಕದ ಮಹಿಳೆಯರಿಗೆ ಸರಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಇಲ್ಲ. ಗುರುತಿನ ಚೀಟಿ ಇಟ್ಟುಕೊಳ್ಳಿ. ಮೆಟ್ರೋಗೆ ಮಾತ್ರ ಹಣ ಕೊಡಬೇಕು.

ಬಾಲಭವನಕ್ಕೆ ಹೋಗುವವರು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬೇಕು. ಜ್ಞಾನಭಾರತಿಗೆ ಹೋಗುವವರು ಮುಂದೆ ಹೋಗಬೇಕು. ಮೆಜೆಸ್ಟಿಕ್ ಬಂದಾಗ ತುಂಬ ಜನ ಇಳಿಯುತ್ತಾರೆ. ನೀವು ಇಳಿಯಬೇಡಿ. ವಿಜಯನಗರ, ಮೈಸೂರು ರಸ್ತೆ, ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ ಆದ ಮೇಲೆ ಜ್ಞಾನಭಾರತಿ ನಿಲ್ದಾಣ ಬರುತ್ತದೆ. ಪ್ರತಿ ನಿಲ್ದಾಣದ ಹೆಸರನ್ನೂ ಕನ್ನಡದಲ್ಲಿ ಬರೆದಿರುತ್ತಾರೆ. ಒಂದೊಂದನ್ನೇ ಓದುತ್ತಾ ಹೋಗಿ. ಆಗ ಯಾರನ್ನೂ ಕೇಳಬೇಕಾಗಿಲ್ಲ.

ಕ್ಯಾಂಪಸ್ ಎಂದರೇನು?

ವಿಶ್ವವಿದ್ಯಾಲಯ ಎಂದರೆ ಕಾಲೇಜಿಗಿಂತ ಹೆಚ್ಚಿನ ಓದು ಓದಿಸುವ ಸಂಸ್ಥೆ. ಅದರ ಕಟ್ಟಡ, ಮೈದಾನ, ಮರ, ರಸ್ತೆ ಎಲ್ಲ ಸೇರಿದ ಜಾಗವನ್ನು ಕ್ಯಾಂಪಸ್ ಎನ್ನುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಶುರುವಾಯಿತು. ಅದರ ಜ್ಞಾನಭಾರತಿ ಕ್ಯಾಂಪಸ್ ಸಾವಿರ ಎಕರೆಗೂ ದೊಡ್ಡದು. ಒಳಗೆ ಒಂದು ಊರೇ ಇದ್ದ ಹಾಗೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತುಂಬ ನಡೆಯಬೇಕಾಗಬಹುದು.

ಆದ್ದರಿಂದ ಯಾವ ಗೇಟು, ಯಾವ ಕಟ್ಟಡ ಎಂದು ಮೊದಲೇ ಬರೆದುಕೊಳ್ಳಿ. ಅರ್ಧ ಗಂಟೆ ಮುಂಚೆಯೇ ತಲುಪಿ. ಗೇಟಿನಲ್ಲಿ ಕಾವಲುಗಾರರು "ಎಲ್ಲಿಗೆ?" ಎಂದು ಕೇಳುತ್ತಾರೆ. ಹೆದರಬೇಡಿ. ಅದು ಅವರ ಕೆಲಸ. ಚೀಟಿ ತೋರಿಸಿ, "ಸಂಗೀತ ಶಿಬಿರಕ್ಕೆ ಬಂದಿದ್ದೀವಿ" ಎನ್ನಿ. ಇದು ಸರಕಾರಿ ವಿಶ್ವವಿದ್ಯಾಲಯ. ಜನರ ತೆರಿಗೆ ಹಣದಿಂದ ನಡೆಯುತ್ತದೆ. ನೀವು ಕೊಳ್ಳುವ ಸೋಪಿನಲ್ಲೂ ತೆರಿಗೆ ಇದೆ.

ಒಳಗೆ ಹೋದ ಮೇಲೆ ಒಂದು ಅರ್ಜಿ ಕೊಡುತ್ತಾರೆ. ಮಗುವಿನ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ತಂದೆ ತಾಯಿಯ ಹೆಸರು, ಫೋನ್ ನಂಬರ್ ಬರೆಯಬೇಕು. ಕೆಳಗೆ "ಪೋಷಕರ ಸಹಿ" ಎಂದು ಇರುತ್ತದೆ. ಅಲ್ಲಿ ನೀವು ಸಹಿ ಹಾಕಬೇಕು. ಅವಸರ ಬೇಡ. ಮೇಲಿನಿಂದ ಕೆಳಗಿನವರೆಗೆ ಓದಿ, ಆಮೇಲೆ ಬರೆಯಿರಿ. ಹಿಂದೆ ಯಾರಾದರೂ "ಬೇಗ ಬೇಗ" ಎಂದರೆ "ಸ್ವಲ್ಪ ತಾಳಿ, ಓದ್ತಾ ಇದ್ದೀನಿ" ಎನ್ನಿ.

ಕುಡಿಯುವ ನೀರು, ಶೌಚಾಲಯ ಎಲ್ಲಿದೆ ಎಂದು ಮಗಳ ಜೊತೆ ಹೋಗಿ ನೋಡಿ. ಕಲಿಸುವವರನ್ನು ಮಾತಾಡಿಸಿ. ಸಂಜೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಹೇಳಿ. ಮಕ್ಕಳಿಗೆ ತೊಂದರೆ ಆದರೆ 1098ಕ್ಕೆ ಫೋನ್ ಮಾಡಬಹುದು. ಇದು ಮಕ್ಕಳ ಸಹಾಯವಾಣಿ. ಈ ನಂಬರನ್ನು ಮಗಳಿಗೂ ಬಾಯಿಪಾಠ ಮಾಡಿಸಿ.

ಮೊದಲ ಪಾಠ

ಕರ್ನಾಟಕ ಸಂಗೀತದಲ್ಲಿ ಮೊದಲ ದಿನ ಏನು ಕಲಿಸುತ್ತಾರೆ? ಒಂದು ತಂಬೂರಿಯೋ, ಶ್ರುತಿ ಪೆಟ್ಟಿಗೆಯೋ ಒಂದೇ ಸಮನೆ ನಾದ ಮಾಡುತ್ತಿರುತ್ತದೆ. ಆ ನಾದಕ್ಕೆ ಸರಿಯಾಗಿ ಗಂಟಲು ಸೇರಿಸಬೇಕು. ಇದೇ ಶ್ರುತಿ. ಬಾವಿಯ ನೀರಿಗೆ ಹಗ್ಗ ಸರಿಯಾಗಿ ಮುಟ್ಟಬೇಕು. ಗಿಡ್ಡವಾದರೂ ನೀರು ಸಿಗದು, ಉದ್ದವಾದರೆ ಕೊಡ ತಳಕ್ಕೆ ಬಡಿಯುತ್ತದೆ. ಹಾಗೆಯೇ ಶ್ರುತಿ.

ಆಮೇಲೆ ಸ್ವರ. ಸ್ವರಗಳು ಏಳು:

ಸ ರಿ ಗ ಮ ಪ ದ ನಿ

ಈ ಏಳು ಅಕ್ಷರಗಳನ್ನು ನೋಡಿ. ಇವೆಲ್ಲ ನಿಮಗೆ ಗೊತ್ತು. ನೀವು ಕಲಿತ ಅಕ್ಷರಗಳೇ ಇವು. ಮಗಳ ಸಂಗೀತದ ಪುಸ್ತಕವನ್ನು ನೀವೂ ಓದಬಹುದು.

ಈ ಸ್ವರಗಳನ್ನು ಮೇಲಕ್ಕೂ ಕೆಳಕ್ಕೂ ಹಾಡಿಸುವ ಪಾಠಕ್ಕೆ ಸರಳೆ ವರಸೆ ಎಂದು ಹೆಸರು. ಇದನ್ನು ಮಾಯಾಮಾಳವಗೌಳ ಎಂಬ ರಾಗದಲ್ಲಿ ಕಲಿಸುತ್ತಾರೆ. ಈ ಪಾಠಗಳನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಸಂಗೀತದವರು ಹೇಳುತ್ತಾರೆ. ಅದಕ್ಕೇ ಅವರನ್ನು ಸಂಗೀತ ಪಿತಾಮಹ ಎನ್ನುತ್ತಾರೆ. ಅವರು ಹಾಡು ಕಟ್ಟಿದ್ದು ಕನ್ನಡದಲ್ಲಿ. ಮದರಾಸಿನಲ್ಲಿ ಕಲಿಯುವ ಮಗುವೂ, ಬೆಜವಾಡದಲ್ಲಿ ಕಲಿಯುವ ಮಗುವೂ ಈ ಸರಳೆಯಿಂದಲೇ ಶುರು ಮಾಡುತ್ತದೆ. ನಿಮ್ಮ ಮನೆಮಾತು ತಮಿಳು, ತೆಲುಗು, ಉರ್ದು ಯಾವುದೇ ಇರಲಿ, ಸ್ವರ ಒಂದೇ.

ಜೊತೆಗೆ ತಾಳ. ಆದಿ ತಾಳಕ್ಕೆ ಎಂಟು ಎಣಿಕೆ. ತೊಡೆಯ ಮೇಲೆ ಕೈಯಿಂದ ಹಾಕುತ್ತಾರೆ. ನೀವೂ ಹಾಕಿ ನೋಡಿ:

ಒಂದು – ಅಂಗೈ ತಟ್ಟಿ
ಎರಡು – ಕಿರುಬೆರಳು
ಮೂರು – ಉಂಗುರದ ಬೆರಳು
ನಾಲ್ಕು – ನಡುಬೆರಳು
ಐದು – ಅಂಗೈ ತಟ್ಟಿ
ಆರು – ಕೈ ತಿರುಗಿಸಿ
ಏಳು – ಅಂಗೈ ತಟ್ಟಿ
ಎಂಟು – ಕೈ ತಿರುಗಿಸಿ

ಮೊದಲು ನಿಧಾನ. ಆಮೇಲೆ ಎರಡರಷ್ಟು ಬೇಗ. ಆಮೇಲೆ ನಾಲ್ಕರಷ್ಟು ಬೇಗ. ತಾಳ ಮಾತ್ರ ತಪ್ಪಬಾರದು.

ಹತ್ತು ದಿನದಲ್ಲಿ ಯಾರೂ ಗಾಯಕಿ ಆಗುವುದಿಲ್ಲ. ಯಾರಾದರೂ ಹಾಗೆ ಹೇಳಿ ಹೆಚ್ಚು ಹಣ ಕೇಳಿದರೆ ನಂಬಬೇಡಿ. ಹತ್ತು ದಿನದಲ್ಲಿ ಆಗುವುದು ಇಷ್ಟು: ಶ್ರುತಿ ಎಂದರೇನು ಎಂದು ಕಿವಿಗೆ ತಿಳಿಯುತ್ತದೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹಾಡುವ ಧೈರ್ಯ ಬರುತ್ತದೆ. ಆಮೇಲೂ ಕಲಿಯಬೇಕು ಎಂದರೆ ದಿನವೂ ಅಭ್ಯಾಸ ಮಾಡಬೇಕು. ಮನೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ಅವಳಿಗೆ ಬಿಡಿ. ಆ ಹೊತ್ತಿಗೆ ನೀರು ತರಲು, ಪಾತ್ರೆ ತೊಳೆಯಲು ಕರೆಯಬೇಡಿ. ಮಗನಿಗೆ ಹೇಳಿ, ಅವನೂ ತೊಳೆಯಲಿ.

ಹೊಸ ಪದಗಳು

ಶಿಬಿರ – ಕೆಲವು ದಿನ ಸೇರಿ ಕಲಿಯುವ ಏರ್ಪಾಡು
ಆವರಣ – ಸುತ್ತ ಗೋಡೆ ಇರುವ ಜಾಗ
ಪೋಷಕರು – ಮಗುವನ್ನು ಸಾಕುವವರು
ರಸೀದಿ – ಹಣ ಕೊಟ್ಟದ್ದಕ್ಕೆ ಚೀಟಿ
ಶ್ರುತಿ – ಹಾಡಿಗೆ ಆಧಾರವಾದ ನಾದ

ಉತ್ತರ ಹೇಳಿ

1. ಗಂಗೂಬಾಯಿ ಯಾವ ಊರಿನಿಂದ ಯಾವ ಊರಿಗೆ ರೈಲಿನಲ್ಲಿ ಹೋಗುತ್ತಿದ್ದರು?
2. ಅಂಬಾಬಾಯಿ ತಮ್ಮ ಹಾಡನ್ನು ಯಾಕೆ ನಿಲ್ಲಿಸಿದರು?
3. ಆದಿ ತಾಳಕ್ಕೆ ಎಷ್ಟು ಎಣಿಕೆ? ಹಾಕಿ ತೋರಿಸಿ.
4. ನಿಮ್ಮ ಮನೆಯಿಂದ ಹತ್ತಿರದ ಮೆಟ್ರೋ ನಿಲ್ದಾಣ ಯಾವುದು? ಹೆಸರು ಬರೆಯಿರಿ.

ಸೇರಿ ಮಾತಾಡಿ

ಅಂಬಾಬಾಯಿ ಮಗಳಿಗಾಗಿ ತಮ್ಮ ಹಾಡು ಬಿಟ್ಟರು. ತಾಯಿಯೂ ಹಾಡಬೇಕು, ಮಗಳೂ ಹಾಡಬೇಕು ಎಂದರೆ ಮನೆಯಲ್ಲಿ ಏನೇನು ಬದಲಾಗಬೇಕು?

ಬೀಸುವಾಗ, ನಾಟಿ ಮಾಡುವಾಗ, ತೊಟ್ಟಿಲು ತೂಗುವಾಗ ನಿಮ್ಮ ಅಜ್ಜಿ ಹಾಡುತ್ತಿದ್ದ ಒಂದು ಹಾಡು ನೆನಪು ಮಾಡಿಕೊಳ್ಳಿ. ಗುಂಪಿನಲ್ಲಿ ಹಾಡಿ. ಒಬ್ಬರು ಅದನ್ನು ಬರೆದುಕೊಳ್ಳಿ.

ಬರೆಯಿರಿ

ಮಗುವಿನ ಹೆಸರು: ........................
ಹುಟ್ಟಿದ ದಿನಾಂಕ: ........................
ವಿಳಾಸ: ........................
ತಾಯಿಯ ಹೆಸರು: ........................
ಪೋಷಕರ ಸಹಿ: ........................

ಹೆಬ್ಬೆಟ್ಟು ಬೇಡ. ನಿಮ್ಮ ಹೆಸರನ್ನು ನೀವೇ ಬರೆಯಿರಿ.